ಗಂಟೆ ಅಕ್ಕನ ಸರದಿ

ಭೂವಿಜ್ಞಾನ ವಿಭಾಗದಲ್ಲಿ ಅವಳಿಗೆ ಗಂಟೆ ಅಕ್ಕ ಎಂದೇ ಹೆಸರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಅವಳ ಅಮ್ಮನಿಗೂ ಪರೀಕ್ಷಾ ವಿಭಾಗಕ್ಕೂ ಮಾತ್ರ ನೆನಪಿತ್ತು. ವರ್ಷಕ್ಕೊಮ್ಮೆ ಸಂಶೋಧನಾ ವಿದ್ಯಾರ್ಥಿಗಳೇ ಸೇರಿಕೊಂಡು ನಡೆಸುವ ಸಮ್ಮೇಳನದಲ್ಲಿ ಮುಂದಿನ ಸಾಲಿನ ತುದಿ ಕುರ್ಚಿಯಲ್ಲಿ ಹಿತ್ತಾಳೆ ಗಂಟೆ ಹಿಡಿದು ಕೂರುವವಳು ಅವಳು. ಒಂದು ಸಲ ಬಾರಿಸಿದರೆ ಮುಗಿಸುತ್ತ ಬನ್ನಿ ಎಂದರ್ಥ, ಎರಡನೇ ಸಲ ಬಾರಿಸಿದರೆ ಇಳಿಯಿರಿ ಎಂದರ್ಥ. ಭೂಕಂಪದ ಬಗ್ಗೆ ಮಾತಾಡುತ್ತಿರಲಿ, ಜ್ವಾಲಾಮುಖಿಯ ಬಗ್ಗೆ ಮಾತಾಡುತ್ತಿರಲಿ, ಎರಡನೇ ಗಂಟೆಯ ನಂತರ ವೇದಿಕೆಯ ಮೇಲೆ ನಿಂತವರನ್ನು ಯಾರೂ ಕಂಡಿರಲಿಲ್ಲ.

ಹಾಗೆಂದು ಅವಳೇನು ಗಡಸು ಹೆಂಗಸಲ್ಲ. ಇನ್ನೊಬ್ಬರ ಸರದಿ ಕಾಯಲು ಅವಳಿಗೆ ಎಲ್ಲಿಲ್ಲದ ಧೈರ್ಯ, ತನ್ನ ಸರದಿ ಕೇಳಲು ಮಾತ್ರ ನಾಲಿಗೆ ಹೊರಳುವುದಿಲ್ಲ. ಇದು ಅಪ್ಪನಿಂದ ಬಂದದ್ದು. ಅಪ್ಪ ಬಸ್ ಕಂಡಕ್ಟರ್. ಗರ್ಭಿಣಿಯರಿಗೆ, ಮುದುಕರಿಗೆ, ಕೋಳಿ ಬುಟ್ಟಿ ಹೊತ್ತವರಿಗೆ, ಎಲ್ಲರಿಗೂ ಜಗಳ ಮಾಡಿ ಸೀಟು ಕೊಡಿಸಿ, ತಾನು ಇಡೀ ನೌಕರಿಯನ್ನು ನಿಂತೇ ಕಳೆದವನು. ಈಗ ಮಂಡಿ ಹಿಡಿದು ಕೂತಿದ್ದಾನೆ. ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಅಮ್ಮ ಅವನನ್ನು ಬೈಯುತ್ತಿದ್ದಳು. ಈಚೆಗೆ ಅದೇ ಬೈಗುಳ ಮಗಳ ಪಾಲಿಗೂ ಬಂದಿತ್ತು.

ಅವಳ ಸಂಶೋಧನೆ ಕೆಸರಿನದು. ಡ್ರಮ್ಮುಗಳನ್ನು ಕಟ್ಟಿ ಮಾಡಿದ ತೆಪ್ಪದ ಮೇಲೆ ನಿಂತು, ಹಳೆಯ ಕೆರೆಯೊಂದರ ತಳಕ್ಕೆ ಪೈಪು ಇಳಿಸಿ, ಒಳಗಿನ ಕೆಸರನ್ನು ಕದಡದಂತೆ ಮೇಲೆತ್ತಿದ್ದಳು. ಆ ಪೈಪನ್ನು ಉದ್ದಕ್ಕೆ ಸೀಳಿದರೆ ಒಳಗೆ ಪದರದ ಮೇಲೆ ಪದರ. ಮಳೆ ಬಂದ ಕಾಲದ್ದು ಒಂದು ಬಣ್ಣ, ಬಾರದ ಕಾಲದ್ದು ಇನ್ನೊಂದು. ತಂಗಿಗೆ ಮದುವೆಯಾಗಿ, ತಂಗಿಗೆ ಮಗಳು ಹುಟ್ಟಿ, ಆ ಮಗಳು ಶಾಲೆಗೆ ಹೋಗುವಂತಾದರೂ ಇವಳ ಪದರಗಳು ಮುಗಿದಿರಲಿಲ್ಲ. ಮಗು ಇವಳನ್ನು ‘ಓದೋ ದೊಡ್ಡಮ್ಮ’ ಎಂದು ಕರೆಯುತ್ತಿತ್ತು. ಎಲ್ಲರೂ ನಗುತ್ತಿದ್ದರು, ಇವಳೂ ನಗುತ್ತಿದ್ದಳು, ಆಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬರುತ್ತಿದ್ದಳು.

ಕೆಸರಿನ ಕೆಲಸ ಮುಗಿದು ಯಾವ ಕಾಲವಾಗಿತ್ತೋ. ಪ್ರಬಂಧವೂ ಬರೆದಾಗಿತ್ತು. ಅಡ್ಡ ನಿಂತಿದ್ದು ಒಂದೇ ಒಂದು ನಿಯಮ: ಪ್ರಬಂಧ ಸಲ್ಲಿಸುವ ಮೊದಲು ವಿದ್ಯಾರ್ಥಿ ಈ ವಾರ್ಷಿಕ ಸಮ್ಮೇಳನದಲ್ಲಿ ವಿಭಾಗದ ಮುಖ್ಯಸ್ಥರ ಎದುರು ತನ್ನ ಕೆಲಸವನ್ನು ಮಂಡಿಸಬೇಕು. ನಿಯಮ ಸುಲಭದ್ದೇ, ಬೇರೆಯವರೆಲ್ಲ ಮಾಡಿ ಹೋಗಿದ್ದರು. ಸಮ್ಮೇಳನ ನಡೆಸುವ ಗಂಟೆ ಅಕ್ಕನಿಗೆ ಮಾತ್ರ ಅದು ಆಗಿರಲಿಲ್ಲ. ಕಾರಣ ಕೇಳಿದರೆ ಹೊಟ್ಟೆ ಉರಿಯುತ್ತದೆ.

ಅವಳು ಸೇರಿದ ಹೊಸತರಲ್ಲಿ ಸಮ್ಮೇಳನವೆಂದರೆ ಸಂತೆ. ಬೆಳಗಿನವರು ಮಧ್ಯಾಹ್ನದವರೆಗೆ ಕೊರೆಯುವುದು, ಕೊನೆಯಲ್ಲಿ ಇದ್ದವರು ಬಾಯಿ ತೆರೆಯುವ ಮೊದಲೇ ಸಭಾಂಗಣದ ದೀಪ ಆರಿಸುವುದು. ಒಂದು ವರ್ಷ ದೂರದ ಊರಿನಿಂದ ಬಂದ ಹುಡುಗಿಯೊಬ್ಬಳು ಮಾತಾಡಲಾಗದೆ ಕಾರಿಡಾರಿನಲ್ಲಿ ಕೂತು ಅತ್ತಳು. ಅದನ್ನು ನೋಡಿ ಗಂಟೆ ಅಕ್ಕನ ಕರುಳು ಚುರ್ ಎಂದಿತು. ಮುಂದಿನ ವರ್ಷದ ಸಭೆಯಲ್ಲಿ ಎದ್ದು ನಿಂತು ಹೇಳಿದಳು: “ಕೊನೇ ಸರದಿ ಯಾವಾಗ್ಲೂ ಸಂಘಟಕರದೇ ಆಗಿರ್ಲಿ. ಟೈಮ್ ಸಾಲದೇ ಹೋದ್ರೆ ನಮ್ದು ಹೋಗ್ಲಿ, ಬಂದವರದ್ದು ಹೋಗೋದು ಬೇಡ.” ಎಲ್ಲರೂ ಚಪ್ಪಾಳೆ ತಟ್ಟಿದರು. ಮಂಚಕ್ಕೂ ಗೋಡೆಗೂ ನಡುವೆ ತುರುಕುವ ದಿಂಬಿನಂತೆ ಇದೂ ಎಂದು ಯಾರೋ ತಮಾಷೆ ಮಾಡಿದರು. ಅಲ್ಲಿಂದ ಅದಕ್ಕೆ ‘ದಿಂಬಿನ ಸರದಿ’ ಎಂದೇ ಹೆಸರಾಯಿತು. ಸಂಘಟಕಿ ಯಾರಾಗಬೇಕು ಎಂಬ ಪ್ರಶ್ನೆ ಬಂದಾಗ ಎಲ್ಲರ ಕಣ್ಣೂ ಅವಳ ಮೇಲೆಯೇ ಬಿತ್ತು. ಒಮ್ಮೆ ಬಿದ್ದ ಕಣ್ಣು ಮತ್ತೆ ಏಳಲಿಲ್ಲ. ಸಭಾಂಗಣದ ಕೀಲಿ ಯಾರ ಹತ್ತಿರ ಇರುತ್ತದೆ, ಯಾವ ಸ್ವಿಚ್ಚು ಮುಟ್ಟಿದರೆ ಶಾಕ್ ಹೊಡೆಯುತ್ತದೆ, ಪೋಸ್ಟರ್ ಹಲಗೆಗಳ ಕಾಲುಗಳು ಯಾವ ಕೋಣೆಯಲ್ಲಿವೆ, ಎಲ್ಲ ಅವಳಿಗೇ ಗೊತ್ತು. ಅಷ್ಟು ಗೊತ್ತಿರುವವರನ್ನು ಯಾರು ಬಿಡುತ್ತಾರೆ?

ಎರಡನೇ ಕಟ್ಟಳೆಯೂ ಅವಳದೇ ಕೊಡುಗೆ. ಒಮ್ಮೆ ಅವಳು ಆಚೆ ಹೋಗಿದ್ದಾಗ ಯಾರೋ ತುಂಟನೊಬ್ಬ ಹಿರಿಯ ಪ್ರಾಧ್ಯಾಪಕರಿಗೆ ಗಂಟೆ ಬಾರಿಸಿದ. ಅವರು ಮುಖ ಸಿಂಡರಿಸಿಕೊಂಡು ಊಟವನ್ನೂ ಮಾಡದೆ ಹೊರಟುಹೋದರು. ಇವಳೇ ಅವರ ಮನೆಗೆ ಹೋಗಿ ಕ್ಷಮೆ ಕೇಳಿ ಬಂದಳು, ಬಂದವಳು ‘ಮೇಷ್ಟ್ರುಗಳಿಗೆ ಗಂಟೆ ಬಾರಿಸತಕ್ಕದ್ದಲ್ಲ’ ಎಂದು ನಿಯಮ ಮಾಡಿಬಿಟ್ಟಳು. ಆಮೇಲೆ ಮೇಷ್ಟ್ರುಗಳ ಮಾತು ಬೇಸಿಗೆಯ ಹಗಲಿನಂತೆ ಬೆಳೆಯಿತು, ಅದು ಬೆಳೆದಷ್ಟೂ ದಿಂಬು ಚಪ್ಪಟೆಯಾಯಿತು. ವರ್ಷ ವರ್ಷವೂ ಕೊನೆಗೆ ಅವಳ ಸರದಿ ಬರುವ ಹೊತ್ತಿಗೆ ಕಾವಲುಗಾರ ಕಿಟಕಿ ಮುಚ್ಚುತ್ತಿದ್ದ. ತಾನೇ ತೋಡಿದ ಗುಂಡಿ, ತಾನೇ ಬಿದ್ದಿದ್ದಳು, ಯಾರನ್ನು ದೂರಬೇಕು?

ಈ ಸಲ ಗುಂಡಿಯ ಮೇಲೆ ಕಲ್ಲು ಮುಚ್ಚುವ ಕಾಲ ಬಂದಿತ್ತು. ಅವಳ ನೋಂದಣಿಯ ಅವಧಿ ಇದೇ ತಿಂಗಳಿಗೆ ಮುಗಿಯುತ್ತದೆ, ಇನ್ನು ವಿಸ್ತರಣೆ ಇಲ್ಲ ಎಂದು ಆಡಳಿತ ಕಚೇರಿಯವರು ಖಡಾಖಂಡಿತ ಹೇಳಿದ್ದರು. ಇವತ್ತು ಮಾತಾಡದಿದ್ದರೆ ಇಷ್ಟು ವರ್ಷದ ಕೆಸರು ಬರೀ ಕೆಸರೇ.

ಅದಕ್ಕೇ ಅವಳು ಜನ್ಮದಲ್ಲಿ ಮೊದಲ ಬಾರಿಗೆ ಸ್ವಾರ್ಥ ಮಾಡಿದಳು. ವೇಳಾಪಟ್ಟಿಯಲ್ಲಿ ತನ್ನ ಸರದಿಯನ್ನು ಎಲ್ಲಕ್ಕಿಂತ ಮೊದಲು ಹಾಕಿಕೊಂಡಳು. ಬೆಳಿಗ್ಗೆ ಬೇಗ ಬಂದು, ಜೂನಿಯರ್ ಒಬ್ಬಳ ಜೊತೆ ಸೇರಿ, ತಣ್ಣನೆ ಕೋಣೆಯಿಂದ ಸೀಳಿದ ಕೆಸರಿನ ಉದ್ದ ತಟ್ಟೆಯನ್ನು ಹೊತ್ತು ತಂದು, ಬಾಗಿಲ ಬಳಿಯ ಪ್ರದರ್ಶನದ ಮೇಜಿನ ಮೇಲೆ ಇಟ್ಟಳು. ಅದು ಒಬ್ಬರ ಕೈಯಲ್ಲಿ ಏಳುವ ವಸ್ತುವಲ್ಲ. ಎರಡೂ ತುದಿ ಸಮ ಹಿಡಿಯದಿದ್ದರೆ ನಡುವೆ ಬಿರುಕು ಬಿಡುತ್ತದೆ. ಪ್ಲಾಸ್ಟಿಕ್ ಹಾಳೆ ಹೊದಿಸಿ, ‘ಮುಟ್ಟಬೇಡಿ’ ಎಂಬ ಚೀಟಿ ಇಟ್ಟು, ಲ್ಯಾಪ್‌ಟಾಪಿನಲ್ಲಿ ತನ್ನ ಚಿತ್ರಗಳನ್ನು ತೆರೆದಿಟ್ಟು, ಗಂಟಲು ಸರಿಮಾಡಿಕೊಳ್ಳುತ್ತ ನಿಂತಿದ್ದಾಗ ಅವಳ ಸಂಶೋಧನೆಯ ಗೈಡ್ ಬಂದರು.

ಗೈಡ್ ಕೆಟ್ಟ ಮನುಷ್ಯರಲ್ಲ. ಬೆಟ್ಟ ಹತ್ತುವಾಗ ವಿದ್ಯಾರ್ಥಿಗಳ ಚೀಲವನ್ನೂ ತಾವೇ ಹೊರುವವರು, ಕಲ್ಲು ಸಿಕ್ಕಿದರೆ ಮೊದಲು ನಾಲಿಗೆಗೆ ತಾಗಿಸಿ ನೋಡುವ ಹಳೇ ಕಾಲದವರು. ಒಂದೇ ದೋಷ: ಬಾಯಿ ತೆರೆದರೆ ಗಡಿಯಾರ ಮರೆಯುತ್ತಾರೆ.

“ಏನಮ್ಮಾ, ಒಂದ್ ಚೂರು ಅಡ್ಜಸ್ಟ್ ಮಾಡ್ಕೋಬೇಕು. ಮುಖ್ಯ ಅತಿಥಿಗಳಿಗೆ ಬೇಗ ಹೋಗ್ಬೇಕಂತೆ. ನಿನ್ನ ಜಾಗದಲ್ಲಿ ಅವ್ರು ಮಾತಾಡ್ಲಿ, ನೀನು ಕೊನೇಲಿ ಮಾತಾಡು.”

“ಸರ್, ಕೊನೇದು ದಿಂಬಿನ ಸರದಿ.”

“ಹೌದಲ್ಲ, ಅದು ನಿಂದೇ ಅಲ್ವಾ?”

“ಸರ್, ಈ ಸಲ ಮಾತಾಡ್ಲಿಲ್ಲ ಅಂದ್ರೆ ನನ್ನ ರಿಜಿಸ್ಟ್ರೇಷನ್...”

“ಗೊತ್ತಮ್ಮಾ, ಗೊತ್ತು. ನಾನಿಲ್ವಾ? ನಿಂಗೆ ಟೈಮ್ ಕೊಡಿಸೋ ಜವಾಬ್ದಾರಿ ನಂದು. ನೀನು ಮನೆಯವಳು, ಅವ್ರು ಹೊರಗಿನವರು.”

ಮನೆಯವಳು ಎಂಬ ಆ ಒಂದು ಮಾತು ಇದೆಯಲ್ಲ, ಅದರಿಂದ ಎಷ್ಟು ಹೆಣ್ಣುಮಕ್ಕಳ ಎಷ್ಟು ಸರದಿಗಳು ಹೋಗಿವೆಯೋ ದೇವರೇ ಬಲ್ಲ. ಇಲ್ಲ ಸರ್, ಆಗಲ್ಲ ಎನ್ನಬೇಕೆಂದು ಬಾಯಿ ತೆರೆದಳು. “ಆಯ್ತು ಸರ್” ಎಂಬುದು ಹೊರಗೆ ಬಂತು. ತೆರೆದಿಟ್ಟಿದ್ದ ಚಿತ್ರಗಳನ್ನು ಮುಚ್ಚಿ, ಗಂಟೆ ಎತ್ತಿಕೊಂಡು, ತುದಿ ಕುರ್ಚಿಗೆ ಹೋಗಿ ಕೂತಳು. ಕೂತ ಮೇಲೆ ತನ್ನ ಮೇಲೆಯೇ ಎಷ್ಟು ಸಿಟ್ಟು ಬಂತೆಂದರೆ ಗಂಟೆಯ ಹಿಡಿ ಬೆವರಿನಿಂದ ಜಾರತೊಡಗಿತು.

ಆ ದಿನ ಅವಳು ಬಾರಿಸಿದಷ್ಟು ಕಟ್ಟುನಿಟ್ಟಾಗಿ ಹಿಂದೆಂದೂ ಬಾರಿಸಿರಲಿಲ್ಲ. ಅಂತರ್ಜಲದವನನ್ನು ನೀರು ಸಿಗುವ ಮೊದಲೇ ಇಳಿಸಿದಳು. ಭೂಕುಸಿತದ ಹುಡುಗಿ ಇನ್ನೇನು ಗುಡ್ಡ ಜಾರಬೇಕು ಎನ್ನುವಷ್ಟರಲ್ಲಿ ಎರಡನೇ ಗಂಟೆ. ಇನ್ನೊಬ್ಬ ಒಂದೇ ಬಂಡೆಯ ಚಿತ್ರವನ್ನು ಹತ್ತು ದಿಕ್ಕಿನಿಂದ ತೆಗೆದುಕೊಂಡು ಬಂದಿದ್ದ, ಪ್ರತಿ ಚಿತ್ರದಲ್ಲೂ ಅಳತೆಗೆಂದು ಒಂದು ಪೆನ್ನು. ಬಂಡೆಗಿಂತ ಪೆನ್ನೇ ಚೆನ್ನಾಗಿ ಕಾಣುತ್ತಿತ್ತು. ಅವನಿಗಂತೂ ಬಂಡೆಯ ಹೆಸರು ಹೇಳಿದ ತಕ್ಷಣ ಬಾರಿಸಿದಳು.

“ಅಕ್ಕಂಗೆ ಇವತ್ತು ಏನಾಗಿದೆ? ರಾಕ್ಷಸಿ ಥರ ಆಡ್ತಾಳಲ್ಲ!” ಎಂದು ಹಿಂದಿನ ಸಾಲಿನಲ್ಲಿ ಪಿಸುಮಾತು. ಕೇಳಿಸಿತು. ಕೇಳಿಸದಂತೆ ಕೂತಳು.

ಊಟದ ಹೊತ್ತಿಗೆ ಅಮ್ಮನ ಫೋನು. ಮೆಟ್ಟಿಲ ಕೆಳಗೆ, ಮುರಿದ ಕುರ್ಚಿಗಳನ್ನು ಒಟ್ಟಿದ್ದ ಸಂದಿಯಲ್ಲಿ ನಿಂತು ಎತ್ತಿದಳು.

“ಆಯ್ತೇನೇ ನಿನ್ನ ಭಾಷಣ?”

“ಇಲ್ಲಮ್ಮ, ಕೊನೇಲಿ.”

“ಬೆಳಿಗ್ಗೆ ಮೊದಲು ಅಂದಿದ್ಯಲ್ಲೇ!” ಫೋನಿನ ಆಚೆ ಅಪ್ಪನ ದನಿ ಕೇಳಿತು: “ಇಲ್ಲಿ ಕೊಡು ಅದನ್ನ.” ಅಪ್ಪ ಫೋನಿನಲ್ಲಿ ಮಾತಾಡುವುದೇ ಅಪರೂಪ.

“ಮಗಾ, ನಾನು ಇಡೀ ಜೀವ್ನ ನಿಂತಿದ್ದು ಒಳ್ಳೇತನಕ್ಕೆ ಅಂದ್ಕೊಂಡಿದೀಯಾ? ಕೂತ್ಕೋತೀನಿ ಜರುಗು ಅನ್ನೋಕೆ ನಾಚಿಕೆ ಆಗ್ತಿತ್ತು, ಅಷ್ಟೇ. ಈಗ ಮಂಡಿ ಹೇಳ್ತಾ ಇದೆ.”

“ಔಷಧಿ ತಗೊಂಡ್ಯಾ ಅಪ್ಪಾ?” ಎಂದು ಕೇಳಿ ಫೋನಿಟ್ಟಳು. ಈ ಕಟ್ಟಡದ ಒಂದೊಂದು ಕೀಲಿಯೂ ತನಗೆ ಗೊತ್ತು, ಹೊರಗೆ ಹೋಗುವ ದಾರಿಯೊಂದೇ ಗೊತ್ತಿಲ್ಲ ಎನ್ನಿಸಿ ಅಳು ಬಂತು. ಅಳಲು ಪುರುಸೊತ್ತಿರಲಿಲ್ಲ, ಮೇಲೆ ಮೈಕು ಕೀರಲು ಶುರುಮಾಡಿತ್ತು.

ಮೇಲೆ ಹೋಗುವಾಗ ಬಾಗಿಲ ಬಳಿ ನೋಡಿದರೆ ಅವಳ ಕೆಸರಿನ ತಟ್ಟೆಯ ಪ್ಲಾಸ್ಟಿಕ್ ಹಾಳೆಯ ಮೇಲೆ ಯಾರೋ ಟೀ ಕಪ್ಪು ಇಟ್ಟು ಹೋಗಿದ್ದರು, ‘ಮುಟ್ಟಬೇಡಿ’ ಚೀಟಿಯ ಪಕ್ಕದಲ್ಲೇ. ಕಪ್ಪನ್ನು ಎತ್ತಿ ಬುಟ್ಟಿಗೆ ಹಾಕಿ, ಹಾಳೆಯನ್ನು ತನ್ನ ತೋಳಿನಿಂದ ಒರೆಸಿ ಒಳಗೆ ಹೋದಳು.

ಮಧ್ಯಾಹ್ನವೂ ಗಂಟೆ ಬಾರಿಸಿ ಬಾರಿಸಿ ಸಮಯ ಉಳಿಸಿದಳು. ಮೇಷ್ಟ್ರುಗಳ ಮಾತು ಬೆಳೆದದ್ದನ್ನೆಲ್ಲ ವಿದ್ಯಾರ್ಥಿಗಳಿಂದ ಕಿತ್ತು ಸರಿದೂಗಿಸಿದಳು. ಪಾಪ ಎನ್ನಿಸಿತು, ಆದರೂ ಬಿಡಲಿಲ್ಲ. ಕೊನೆಯ ವಿದ್ಯಾರ್ಥಿ ಇಳಿದಾಗ ಗೋಡೆ ಗಡಿಯಾರ ನೋಡಿದರೆ ಅವಳಿಗೇ ನಂಬಿಕೆಯಾಗಲಿಲ್ಲ. ದಿಂಬಿನ ಸರದಿ ಪೂರಾ ಪೂರಾ ಉಳಿದಿತ್ತು! ವಿಭಾಗದ ಮುಖ್ಯಸ್ಥೆ ಮೊದಲ ಸಾಲಿನಲ್ಲೇ ಇದ್ದರು, ಕೈಚೀಲ ತೊಡೆಯ ಮೇಲಿಟ್ಟುಕೊಂಡು. ಪ್ರೊಜೆಕ್ಟರ್ ಮಾತ್ರ ಪಕ್ಕದ ವಿಭಾಗದಿಂದ ಎರವಲು ತಂದದ್ದು, ಐದಕ್ಕೆ ವಾಪಸು ಕೊಡಬೇಕು. ಐದಾಗಲು ಬೇಕಾದಷ್ಟು ಹೊತ್ತಿತ್ತು. ಅವಳು ಎದ್ದಳು.

ಅವಳಿಗಿಂತ ಮೊದಲು ಗೈಡ್ ಎದ್ದಿದ್ದರು.

“ನಮ್ಮ ಗಂಟೆ ಅಕ್ಕ ಮಾತಾಡೋಕೆ ಮುಂಚೆ,” ಎಂದು ಮೈಕು ಹಿಡಿದು ನಕ್ಕರು, “ಅವಳ ಬಗ್ಗೆ ನಾನು ಎರಡು ಮಾತು ಹೇಳ್ಲೇಬೇಕು. ಬೆಳಿಗ್ಗೆ ಅವಳಿಗೆ ಮಾತು ಕೊಟ್ಟಿದೀನಿ, ಟೈಮ್ ಕೊಡಿಸ್ತೀನಿ ಅಂತ.”

ಹೊಗಳಿಕೆ ಶುರುವಾಯಿತು. ಈ ಹುಡುಗಿ ಇಲ್ಲದಿದ್ದರೆ ಈ ಸಮ್ಮೇಳನವೇ ಇಲ್ಲ ಎಂದರು. ಸಭೆ ಚಪ್ಪಾಳೆ ತಟ್ಟಿತು. ದಿಂಬಿನ ಸರದಿ ಹುಟ್ಟಿದ ಕತೆ ಹೇಳಿದರು, ಮತ್ತೆ ಚಪ್ಪಾಳೆ. ವರ್ಷ ವರ್ಷವೂ ತನ್ನ ಮಾತನ್ನು ಬೇರೆಯವರಿಗೆ ಬಿಟ್ಟುಕೊಟ್ಟ ತ್ಯಾಗಜೀವಿ ಎಂದರು. ಅವರ ದನಿ ಗದ್ಗದವಾಯಿತು, ಮನಸಾರೆ ಹೇಳುತ್ತಿದ್ದರು. ಅಲ್ಲಿಂದ ಮಾತು ಅವಳ ಕೆರೆಗೆ ಹೋಯಿತು, ಅವಳ ಕೆರೆಯಿಂದ ಅವರ ಕಾಲದ ಕೆರೆಗೆ, ಅಲ್ಲಿ ಅವರ ತೆಪ್ಪ ಮಗುಚಿದ ಪ್ರಸಂಗಕ್ಕೆ, ಈಜು ಬಾರದ ಅವರ ಗೆಳೆಯನಿಗೆ. ಸಭೆ ಹೊಟ್ಟೆ ಹಿಡಿದು ನಗುತ್ತಿತ್ತು. ಕೆರೆಯ ನಡುವೆ ಸಿಕ್ಕಿಕೊಂಡಿದ್ದವಳು ಗಂಟೆ ಅಕ್ಕ ಒಬ್ಬಳೇ.

ವೇದಿಕೆಯ ಪಕ್ಕ, ಅರ್ಧ ದಾರಿಯಲ್ಲಿ ನಿಂತುಬಿಟ್ಟಿದ್ದಳು. ಕೂರುವಂತಿಲ್ಲ, ಹತ್ತುವಂತಿಲ್ಲ. ಬೈಯುವವರನ್ನು ತಡೆಯಬಹುದು, ಮುಖದ ತುಂಬ ಪ್ರೀತಿ ಇಟ್ಟುಕೊಂಡು ಹೊಗಳುವವರನ್ನು ತಡೆಯುವುದು ಹೇಗೆ? ನಗುಮುಖ ಮಾಡಿಕೊಂಡು ನಿಂತಳು, ಕೆನ್ನೆ ನೋಯತೊಡಗಿತು. ಗಡಿಯಾರದ ಮುಳ್ಳು ಯಾರ ಮಾತಿಗೂ ಕಾಯಲಿಲ್ಲ. ಪಕ್ಕದ ವಿಭಾಗದ ಅಟೆಂಡರ್ ಬಾಗಿಲಲ್ಲಿ ಕಾಣಿಸಿಕೊಂಡ, ನೆಟ್ಟಗೆ ಪ್ರೊಜೆಕ್ಟರ್ ಹತ್ತಿರ ಬಂದ.

“ಅಣ್ಣಾ, ಇನ್ನೊಂಚೂರು ಹೊತ್ತು,” ಎಂದಳು ಪಿಸುದನಿಯಲ್ಲಿ.

“ಐದಕ್ಕೆ ಅಂದಿದ್ರಿ. ಐದಾಯ್ತು. ನಮ್ಮ ಸಾಹೇಬ್ರು ನನ್ನ ತಲೆ ತಿಂತಾರೆ, ನಿಮ್ದಲ್ಲ,” ಎಂದು ಅವನು ವೈರು ಸುತ್ತತೊಡಗಿದ. ಪರದೆ ಕಪ್ಪಾಯಿತು. ಮೊದಲ ಸಾಲಿನಲ್ಲಿ ಮುಖ್ಯಸ್ಥೆ ಕನ್ನಡಕ ಮಡಿಚಿ ಕೈಚೀಲಕ್ಕೆ ಹಾಕಿಕೊಂಡರು.

ಆ ಕನ್ನಡಕ ಚೀಲದೊಳಗೆ ಹೋದದ್ದನ್ನು ಕಂಡಾಗ ಅವಳಿಗೆ ಅಪ್ಪನ ಮಂಡಿ ನೆನಪಾಯಿತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಲಿಗಳೆಲ್ಲ ಸೇರಿ ಕೇಳಿಕೊಂಡವಂತೆ. ಇಲ್ಲಿ ಕೇಳಲಿಕ್ಕೂ ಬೇರೆ ಇಲಿ ಇರಲಿಲ್ಲ. ಅವಳು ಗಂಟೆ ಎತ್ತಿ ಬಾರಿಸಿದಳು.

ಗೈಡ್ ಖುಷಿಯಾಗಿಬಿಟ್ಟರು. “ನೋಡಿ ನೋಡಿ, ನನ್ನನ್ನೂ ಬಿಡಲ್ಲ ಇವ್ಳು!” ಎಂದರು. ಸಭೆ ನಕ್ಕಿತು. ಅವರು ಮತ್ತೆ ತೆಪ್ಪ ಹತ್ತಿದರು.

ಎರಡನೇ ಸಲ ಬಾರಿಸಿದಳು. ಈ ಸಲ ಒಂದು ಏಟಿಗೆ ನಿಲ್ಲಿಸಲಿಲ್ಲ. ನಗು ಒಂದೊಂದೇ ಸಾಲಿನಲ್ಲಿ ಆರುತ್ತ ಹೋಯಿತು. ಗೈಡ್ ಅವರ ಬಾಯಿ ತೆರೆದೇ ಇತ್ತು, ಮಾತು ನಿಂತಿತ್ತು. ಹಿಂದೆಂದೂ ಅವರ ಮುಖದಲ್ಲಿ ಅಂಥ ನೋವನ್ನು ಅವಳು ಕಂಡಿರಲಿಲ್ಲ.

“ಸರ್, ನಿಮ್ಮ ಸಮಯ ಆಯ್ತು. ಇದು ನನ್ನ ಸರದಿ.”

ಈ ಸಲ ಮಾತು ಪೂರಾ ಬಂತು. ಗೈಡ್ ಮೈಕನ್ನು ಮೇಜಿನ ಮೇಲಿಟ್ಟು, ಯಾರನ್ನೂ ನೋಡದೆ ಇಳಿದು ಮೊದಲ ಸಾಲಿನಲ್ಲಿ ಕೂತರು.

ಪರದೆ ಇಲ್ಲ, ಚಿತ್ರವಿಲ್ಲ. ಅವಳು ಗಂಟೆಯನ್ನು ಮುಖ್ಯಸ್ಥೆಯ ಎದುರಿನ ಮೇಜಿನ ಮೇಲಿಟ್ಟು, ವೇದಿಕೆ ಹತ್ತುವ ಬದಲು ಬಾಗಿಲ ಬಳಿಯ ಮೇಜಿಗೆ ನಡೆದಳು. ಪ್ಲಾಸ್ಟಿಕ್ ಹಾಳೆ ತೆಗೆದು ತಟ್ಟೆಯ ಒಂದು ತುದಿ ಹಿಡಿದಳು. ಇನ್ನೊಂದು ತುದಿ ದೂರದಲ್ಲಿತ್ತು. ಅಟೆಂಡರನ ಎರಡೂ ಕೈಯಲ್ಲಿ ಪ್ರೊಜೆಕ್ಟರ್. ಮೇಷ್ಟ್ರಿಗೆ ಗಂಟೆ ಬಾರಿಸಿದವಳ ಪಕ್ಕ ಈಗ ಕಾಣಿಸಿಕೊಳ್ಳಲು ಜೂನಿಯರುಗಳಿಗೆ ಧೈರ್ಯವಿಲ್ಲ, ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡುತ್ತಿದ್ದರು. ಇಷ್ಟು ವರ್ಷ ಅವಳು ಯಾರನ್ನೂ ಒಂದು ಕೈ ಕೊಡಿ ಎಂದು ಕೇಳಿದವಳಲ್ಲ. ಜನ ತಾವಾಗಿ ಬಂದರೆ ಸರಿ, ಇಲ್ಲದಿದ್ದರೆ ತಾನೇ.

“ಸರ್,” ಎಂದಳು ಮೊದಲ ಸಾಲಿನ ಕಡೆ ತಿರುಗಿ, “ಆ ಕಡೆ ಸ್ವಲ್ಪ ಹಿಡ್ಕೊಳ್ಳಿ.”

ಗೈಡ್ ಕೂತೇ ಇದ್ದರು. ಬಹಳ ಹೊತ್ತು ಕೂತಿದ್ದರು ಎಂದು ಅವಳಿಗೆ ಅನ್ನಿಸಿತು. ಆಮೇಲೆ ಎದ್ದು, ಅಂಗಿಯ ತೋಳು ಮಡಿಚಿ, ಬಂದು ಇನ್ನೊಂದು ತುದಿ ಹಿಡಿದರು. ಬೆಟ್ಟದಲ್ಲಿ ಚೀಲ ಹೊರುವ ಮನುಷ್ಯನಲ್ಲವೇ, ಭಾರ ಕಂಡರೆ ಕೈ ತಾನಾಗಿ ಹೋಗುತ್ತದೆ. ಇಬ್ಬರೂ ಅದನ್ನು ಸಮವಾಗಿ ಹೊತ್ತು ತಂದು ಮುಖ್ಯಸ್ಥೆಯ ಎದುರಿನ ಮೇಜಿನ ಮೇಲೆ ಇಳಿಸಿದರು. ಕೆಸರಿನಲ್ಲಿ ಎಲ್ಲೂ ಬಿರುಕು ಬಿಡಲಿಲ್ಲ.

ಮುಖ್ಯಸ್ಥೆ ಚೀಲದಿಂದ ಕನ್ನಡಕ ಹೊರತೆಗೆದರು.

ಅವಳು ಮಾತಾಡಿದಳು. ಚಿತ್ರವಿಲ್ಲದ್ದರಿಂದ ಬೆರಳಿಟ್ಟೇ ತೋರಿಸಬೇಕಾಯಿತು. ಈ ಕಪ್ಪು ಗೆರೆ ಕೆರೆ ತುಂಬಿ ತಳದಲ್ಲಿ ಎಲೆ ಕೊಳೆತದ್ದು. ಈ ಒರಟು ಮರಳು ಪ್ರವಾಹ ತಂದು ಸುರಿದದ್ದು. ಇಲ್ಲಿ, ಈ ಬಿಳಿಚಿಕೊಂಡ ಪದರದಲ್ಲಿ, ಹಳೆಯ ಬಿರುಕುಗಳ ಒಳಗೆ ಮೇಲಿನ ಮಣ್ಣು ಇಳಿದಿದೆ ನೋಡಿ. ಕೆರೆ ಒಮ್ಮೆ ತಳ ಕಾಣುವಂತೆ ಬತ್ತಿ, ಬಿಸಿಲಿಗೆ ಸೀಳಿ, ಬಹುಕಾಲ ಹಾಗೇ ಬಿದ್ದಿತ್ತು. ಎಂದೂ ಬತ್ತದ ಕೆರೆ ಎಂದು ಸುತ್ತಲಿನವರೆಲ್ಲ ನಂಬಿದ್ದ ಕೆರೆ ಅದು. ಹಿಂದಿನ ಸಾಲಿನವರು ಕಾಣದೆ ಎದ್ದು ಮುಂದೆ ಬಂದರು. ಬಂಡೆಯ ಹುಡುಗ ಅಳತೆಗೆಂದು ತನ್ನ ಪೆನ್ನನ್ನು ತಟ್ಟೆಯ ಅಂಚಿಗೆ ಇಟ್ಟು, ಕುರ್ಚಿ ಹತ್ತಿ ನಿಂತು ಫೋಟೋ ತೆಗೆದುಕೊಂಡ. ಕಾವಲುಗಾರ ಕಿಟಕಿ ಮುಚ್ಚಲು ಬಂದವನು ತಾನೂ ಇಣುಕಿದ.

ಮುಗಿಸಿದಾಗ ಮುಖ್ಯಸ್ಥೆ ಇನ್ನೂ ಆ ಬಿಳಿ ಪದರದ ಮೇಲೆ ಬಾಗಿದ್ದರು. ತಲೆ ಎತ್ತಿ ಕೇಳಿದರು:

“ಇದನ್ನ ಇಷ್ಟು ವರ್ಷ ಯಾಕಮ್ಮ ನಮಗೆ ಯಾರಿಗೂ ತೋರಿಸ್ಲಿಲ್ಲ? ಯಾರು ತಡೆದಿದ್ರು?”

ಗೈಡ್ ನೆಲ ನೋಡಿದರು. ಅವಳ ನಾಲಿಗೆಯ ತುದಿಗೆ ಹತ್ತು ಉತ್ತರ ಬಂದವು, ಹತ್ತರಲ್ಲೂ ಬೇರೆಯವರಿದ್ದರು. ಆಗ ತನ್ನ ಎಡಗೈಯಲ್ಲಿದ್ದ ಗಂಟೆಯ ಕಡೆ ಕಣ್ಣು ಹೋಯಿತು. ತಟ್ಟೆ ಇಳಿಸಿದ ಮೇಲೆ ಅದನ್ನು ಯಾವಾಗ ಮತ್ತೆ ಎತ್ತಿಕೊಂಡಿದ್ದಳೋ ಅವಳಿಗೇ ತಿಳಿಯದು, ಮಾತಿನುದ್ದಕ್ಕೂ ಹಿಡಿದೇ ಇದ್ದಳು.

“ಯಾರೂ ಇಲ್ಲ ಮೇಡಂ,” ಎಂದಳು. “ಗಂಟೆ ನನ್ನ ಕೈಯಲ್ಲೇ ಇತ್ತು.”